ಮೇಣ ಮೆತ್ತಿದ ಮಾವಿನಹಣ್ಣು

ನಮ್ಮ ಸೋದರಮಾವನಿಗೆ ಈ ಲೋಕದಲ್ಲಿ ಇದ್ದದ್ದು ಒಬ್ಬನೇ ಶತ್ರು: ಗಾಳಿ! ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹೊಳೆನರಸೀಪುರದಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಅವರು, ಸರಕಿಗೆ ಬೂಷ್ಟು ಹಿಡಿಯುವುದನ್ನು ಕಂಡು ಕಂಡು, ಕೆಡುವುದೆಲ್ಲ ಗಾಳಿಯಿಂದ, ತೇವದಿಂದ ಎಂದು ತೀರ್ಮಾನಿಸಿಬಿಟ್ಟಿದ್ದರು. ಅದಕ್ಕೆ ಅವರ ಮದ್ದು ಜೇನುಮೇಣ. ಅರಕಲಗೂಡಿನ ಸಂತೆಯಿಂದ ಬೇರೆಯವರು ಮೆಣಸಿನಕಾಯಿ ತಂದರೆ ನಮ್ಮ ಮಾವ ಮೇಣದ ಉಂಡೆ ತರುತ್ತಿದ್ದರು.

ಯುದ್ಧದ ಕಾಲ, ಬೆಂಕಿಪೊಟ್ಟಣ ಸಿಗುವುದೇ ಕಷ್ಟ. ಮಾವ ಕಡ್ಡಿಗಳ ತಲೆಯನ್ನೆಲ್ಲ ಮೇಣದಲ್ಲಿ ಅದ್ದಿಟ್ಟರು. ಮಳೆಗಾಲದಲ್ಲೂ ಒಂದು ಕಡ್ಡಿಯೂ ಶೀತವಾಗಲಿಲ್ಲ, ನಿಜ. ಆದರೆ ಎಷ್ಟು ಗೀರಿದರೂ ಮೇಣ ಸವೆಯುತ್ತಿತ್ತೇ ಹೊರತು ಕಡ್ಡಿ ಹತ್ತಬೇಕಲ್ಲ! ಅತ್ತೆ ದಿನಾ ಪಕ್ಕದ ಮನೆಗೆ ಕೆಂಡ ಕೇಳಲು ಹೋಗುತ್ತಿದ್ದರು.

ಗೆದ್ದದ್ದು ನಿಂಬೆಹಣ್ಣು ಮಾತ್ರ. ತೆಳ್ಳಗೆ ಮೇಣ ಸವರಿಟ್ಟ ಹಣ್ಣು ತಿಂಗಳಾದರೂ ಸುಕ್ಕಲಿಲ್ಲ, ರಸ ಆರಲಿಲ್ಲ. ಮಾವನ ತಲೆ ತಿರುಗಿದ್ದು ಅಲ್ಲಿಂದಲೇ.

ಆ ವರ್ಷ ಅವರ ಒಬ್ಬಳೇ ಮಗಳು ಚನ್ನರಾಯಪಟ್ಟಣದ ಗಂಡನ ಮನೆಯಲ್ಲಿ ಆರು ತಿಂಗಳ ಬಸುರಿ. ಮೊದಲ ಮಗು ತೊಟ್ಟಿಲಲ್ಲೇ ಹೋಗಿತ್ತು. ಅಂದಿನಿಂದ ಆ ಹುಡುಗಿ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ನೋಡಿಬರಲು ಹೋಗಿದ್ದ ತಾಯಿಯ ಹತ್ತಿರ ಒಂದೇ ಮಾತು ಆಡಿದ್ದಳಂತೆ: ‘ನಮ್ಮ ಇತ್ಲ ಮಾವಿನಣ್ಣು ತಿನ್ಬೇಕು ಅನ್ನಿಸ್ತದೆ ಕಣವ್ವ.’ ಗಂಡನ ಮನೆಯಲ್ಲಿ, ಮಾವು ಉಷ್ಣ ಎಂದು ಬಸುರಿಗೆ ಮುಟ್ಟಗೊಡುತ್ತಿರಲಿಲ್ಲ. ಅವಳು ಹೆರಿಗೆಗೆ ತವರಿಗೆ ಬರುವುದು ಆಷಾಢ ಕಳೆದ ಮೇಲೆ. ನಮ್ಮ ಹಿತ್ತಲ ಮರ ಬರಿದಾಗುವುದು ಆಷಾಢಕ್ಕೆ ಮೊದಲೇ!

‘ಒಂದು ತಿಂಗ್ಳು ತಾನೆ? ಮಡಗ್ತೀನಿ!’ ಎಂದರು ಮಾವ.

ನಾನಾಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಊಟ ತಿಂಡಿ ಎಲ್ಲ ಅವರ ಮನೆಯಲ್ಲೇ. ನನ್ನ ಕಣ್ಣೆದುರಿಗೇ ಮಾವ ಚೆನ್ನಾಗಿ ಬಲಿತ, ಬಣ್ಣ ತಿರುಗಿದ ಕೊನೆಯ ಹಣ್ಣನ್ನು ಕರಗಿದ ಮೇಣದಲ್ಲಿ ಅದ್ದಿದರು. ಒಣಗಿಸಿದರು. ಮತ್ತೆ ಅದ್ದಿದರು.

‘ಸಾಕು ಬಿಡಿ ಮಾವ, ನಿಂಬೆಹಣ್ಣಿಗೆ ಒಂದೇ ಸಲ ಸವರಿದ್ದು.’

‘ನಿಂಬೆಅಣ್ಣು ಯಾರಿಗ್ಬೇಕಾಗಿತ್ಲಾ? ಇದು ನನ್ ಮಗೀಗೆ ಕಣ್ಲಾ!’

ಏಳು ಸಲ ಅದ್ದಿದರು. ಹಣ್ಣು ಹೋಗಿ ಗುಂಡುಕಲ್ಲಾಯಿತು. ದೇವರ ಗೂಡಿನಲ್ಲಿ ಅದಕ್ಕೊಂದು ಸ್ಥಾನವೂ ಸಿಕ್ಕಿತು. ಅತ್ತೆ ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ದೇವರಿಗೆ ಕೈ ಮುಗಿಯುವಾಗ ಅದಕ್ಕೂ ಮುಗಿಯುತ್ತಿದ್ದರು, ಅದು ಕೆಡದಿರಲಿ ಎಂದು!

ಶ್ರಾವಣದಲ್ಲಿ ಮಗಳು ಬಂದಳು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಮಾವ ಅವಳನ್ನು ಮಣೆ ಹಾಕಿ ಕೂರಿಸಿ, ಎದುರಿಗೆ ತಾವೂ ಕೂತು, ಹಣ್ಣಿಗೆ ಚಾಕು ಹಾಕಿದರು.

ಟುಸ್ಸ್!

ಮಾವನ ಮೀಸೆಯ ತುಂಬ ಹಳದಿ ನೊರೆ. ಹಿಂದೆಯೇ ಬಂದ ವಾಸನೆಯೋ, ಸಾಕ್ಷಾತ್ ಹೆಂಡದಂಗಡಿಯದು! ಹಣ್ಣೂ ಉಸಿರಾಡುತ್ತದೆ ಎಂದು ನಮಗೇನು ಗೊತ್ತು? ತೆಳ್ಳಗೆ ಸವರಿದ ಮೇಣ ರಸ ಆರದಂತೆ ಕಾಯುತ್ತದೆ, ಉಸಿರಿಗೆ ಒಂದಿಷ್ಟು ಸಂದಿಯನ್ನೂ ಬಿಡುತ್ತದೆ. ಏಳು ಪದರದೊಳಗೆ ಸಿಕ್ಕಿದ ಈ ಹಣ್ಣು ಉಸಿರುಕಟ್ಟಿ, ಹುಳಿ ಬಂದು, ಹೆಂಡವೇ ಆಗಿಹೋಗಿತ್ತು.

‘ಅಯ್ಯೋ ಶಿವ್ನೇ! ದೇವ್ರ ಗೂಡ್ನಾಗೆ ತಿಂಗ್ಳಿಂದ ಎಂಡ ಮಡಗಿದ್ರಲ್ಲಾ! ನಾನು ದಿನಾ ಕೈ ಮುಗ್ದಿವ್ನಲ್ಲಾ!’ ಎಂದು ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು.

ಆಗ ‘ಕಿಸಕ್’ ಎಂದು ಒಂದು ಸದ್ದು. ತಿರುಗಿ ನೋಡಿದರೆ ಮಗಳು! ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು, ಆಗಲಿಲ್ಲ. ತುಂಬಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಳು. ‘ಅಪ್ಪಯ್ಯ... ಮೀಸೆ ಒರ್ಸ್ಕೊಳಪ್ಪ!’

ಮಾವ ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಎಲ್ಲಿ ಆ ನಗು ನಿಂತುಹೋದೀತೋ ಎಂಬ ಭಯ ಅವರಿಗೆ. ಕಣ್ಣಲ್ಲಿ ದಳದಳ ನೀರು ಸುರಿಯುತ್ತಿದ್ದರೂ ನೊರೆ ಮೀಸೆಯಲ್ಲೇ ಅಲ್ಲಾಡದೆ ಕೂತು, ‘ನಗು ಮಗ, ಇನ್ನೊಂದೀಟು ನಗು’ ಎನ್ನುತ್ತಿದ್ದರು.