ಬೀಗ ಹಾಕಿದ ಮನೆಯಿಂದ ‘ರೀ’

ಕಳೆದ ಶ್ರಾವಣದ ಮೊದಲ ಶುಕ್ರವಾರ ಸಂಜೆ, ಶಿವಮೊಗ್ಗದ ವಿದ್ಯಾನಗರದಲ್ಲಿ ಬೀಗ ಹಾಕಿದ ಮನೆಯೊಂದರ ತಾರಸಿಯಿಂದ ಹೆಂಗಸೊಬ್ಬಳು ಗಂಡನನ್ನು ಕರೆದಳು. ಮನೆಯವರು ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋಗಿ ತಿಂಗಳ ಮೇಲಾಗಿತ್ತು. ನಾಲ್ಕು ದಿನ ಹೀಗೇ ಆದ ಮೇಲೆ, ಅವರು ಹೊರಡುವ ಮುನ್ನವಷ್ಟೇ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದಾಕೆ ನಮ್ಮ ಪತ್ರಿಕೆಗೆ ಫೋನ್ ಮಾಡಿದರು. ಹೋದವನು ನಾನು.

ಸುದ್ದಿ ಬರೆಯಲಿಲ್ಲ. ದೆವ್ವ ನಮ್ಮ ಮನೆಯದೇ ಎಂದು ಗೊತ್ತಾದ ಮೇಲೆ ಯಾವ ವರದಿಗಾರ ತಾನೇ ಬರೆದಾನು!

“ಮಳೆ ಬಂದ್ರೆ ಸಾಕು ಸಾರ್, ಶುರು ಮಾಡ್ತಾಳೆ,” ಎಂದರು ಪಕ್ಕದ ಮನೆಯಾಕೆ. “ಅಳೋದಿಲ್ಲ, ಕಿರ್ಚೋದಿಲ್ಲ. ದಿನಾ ಸಂಸಾರ ಮಾಡೋಳ ಥರಾನೇ ಕರೀತಾಳೆ. ಅದಕ್ಕೇ ಭಯ ಆಗೋದು.”

“ನಿಮ್ಮ ಯಜಮಾನ್ರು ಏನಂತಾರೆ?”

“ಅವರಾ? ಮೊದಲ್ನೇ ದಿನ ಎದ್ದು ಹೊರಟೇಬಿಟ್ಟಿದ್ರು! ನಾನೇ ಪಂಚೆ ಹಿಡ್ಕೊಂಡು ಕೂರಿಸ್ದೆ.”

ಅಷ್ಟರಲ್ಲಿ ಜೋರಾಗಿ ಒಂದು ಮಳೆ ಬಿತ್ತು. ಸ್ವಲ್ಪ ಹೊತ್ತಿಗೆ ತಾರಸಿಯಿಂದ ಧ್ವನಿ ಬಂತು: “ರೀ, ಟ್ಯಾಂಕ್ ತುಂಬ್ತು. ಬಂದು ಮೋಟ್ರು ಆಫ್ ಮಾಡ್ರೀ.”

ಬರೆದುಕೊಳ್ಳುತ್ತಿದ್ದ ನನ್ನ ಕೈ ನಿಂತಿತು. ಅದು ನನ್ನ ಅಕ್ಕನ ಧ್ವನಿ. ಅಕ್ಕ ಭದ್ರಾವತಿಯಲ್ಲಿದ್ದಾಳೆ, ಬದುಕಿದ್ದಾಳೆ. ಆದರೆ ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಅವಳ ಧ್ವನಿ ಪೂರ್ತಿ ಹೋಗಿದೆ. ಸಂಕ್ರಾಂತಿಯಿಂದೀಚೆಗೆ ಅವಳು ಒಂದು ಮಾತೂ ಆಡಿಲ್ಲ.

ಇದಕ್ಕೆಲ್ಲ ಮೂಲಪುರುಷ ನಮ್ಮ ಭಾವ, ಅಂದರೆ ಅಕ್ಕನ ಗಂಡ. ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಿಂದ ನಿವೃತ್ತರಾದವರು ಎಲ್ಲರಂತೆ ವಾಕಿಂಗ್ ಹೋಗಬಾರದೆ? ಹಳೆಯ ಲ್ಯಾಪ್‌ಟಾಪ್ ಕೊಂಡರು. ಟ್ಯಾಂಕ್ ತುಂಬಿದರೆ ಮಾತಾಡುವ ಡಬ್ಬಿ ಮಾಡಿ ಶಿವಮೊಗ್ಗದ ಮನೆಗಳಿಗೆ ಮಾರತೊಡಗಿದರು. ಡಬ್ಬಿಯೊಳಗೆ ಬೆಂಕಿಪೊಟ್ಟಣದಷ್ಟು ಬೋರ್ಡು, ಒಂದು ಸ್ಪೀಕರು. ಹೊರಗೆ ಟ್ಯಾಂಕಿಗೆ ಇಳಿಬಿಡುವ ಎರಡು ತಂತಿ. ನೀರು ತಂತಿಗೆ ತಾಗಿದರೆ ಡಬ್ಬಿ ಬಾಯಿ ಬಿಡುತ್ತದೆ. ಲ್ಯಾಪ್‌ಟಾಪಿನಲ್ಲಿ ಬರೆದ ಪ್ರೋಗ್ರಾಂ ಮೊದಲ ಸಲ ಕೇಬಲ್ ಮೂಲಕ ಬೋರ್ಡಿಗೆ ಹೋಗುತ್ತದೆ. ಆಮೇಲೆ ಏನಾದರೂ ತಿದ್ದಬೇಕಾದರೆ ಭದ್ರಾವತಿಯಿಂದಲೇ, ಗಿರಾಕಿಯ ಮನೆಯ ವೈಫೈ ಹಿಡಿದು ಕಳಿಸುತ್ತಾರೆ.

ಕಳಿಸುವ ಕ್ರಮ ನೋಡಬೇಕು! ಮೊದಲು ಪಂಚಾಂಗ ತೆಗೆದು ರಾಹುಕಾಲ ನೋಡುತ್ತಾರೆ. ಹೊಸ ಡಬ್ಬಿಯ ಕೇಬಲ್ ಬಿಡಿಸುವ ಮುನ್ನ ಅದಕ್ಕೆ ಅರಿಶಿನ ಕುಂಕುಮ. “ಹೆಣ್ಣು ಒಪ್ಪಿಸಿದ ಹಾಗೆ ಕಣೋ ಇದು,” ಎನ್ನುತ್ತಾರೆ. ಪ್ರೋಗ್ರಾಂ ಬದಲಿಸುವಾಗ ಗಿರಾಕಿಗೆ ಫೋನ್: “ಐದು ನಿಮಿಷ ಡಬ್ಬಿ ಮುಟ್ಬೇಡಿ. ಅದರ ಮೈಮೇಲೆ ಹೊಸ ಪ್ರೋಗ್ರಾಂ ಬರ್ತಾ ಇದೆ.”

“ನಿಂಬೆಹಣ್ಣು ಏನಾದ್ರೂ ಇಡ್ಬೇಕಾ?” ಎಂದು ಒಬ್ಬಾಕೆ ಕೇಳಿದ್ದುಂಟು.

ಡಬ್ಬಿಗೆ ಧ್ವನಿ ಬೇಕಾದಾಗ ಭಾವ ಅಡುಗೆಮನೆಗೆ ಮೈಕು ಹಿಡಿದು ಹೋದರು. ಅಕ್ಕ ದೋಸೆ ಮಗುಚುತ್ತಾ ತಾನು ಮನೆಯಲ್ಲಿ ದಿನವೂ ಹೇಳುವುದನ್ನೇ ಹೇಳಿದಳು. ಅದೇ ಧ್ವನಿ ಎಲ್ಲ ಡಬ್ಬಿಗೂ ಹೋಯಿತು. ಊರಿನ ಗಂಡಸರನ್ನೆಲ್ಲ ನನ್ನ ಅಕ್ಕ ‘ರೀ’ ಎಂದು ಕರೆಯತೊಡಗಿದಳು!

ರವೀಂದ್ರನಗರದ ಗಿರಾಕಿಯೊಬ್ಬರು ಭಾವನಿಗೆ ಫೋನ್ ಮಾಡಿ ಜಗಳಕ್ಕೆ ನಿಂತರು. “ನಮ್ಮನೆಯವ್ರನ್ನ ‘ರೀ’ ಅನ್ನೋಕೆ ಅವಳ್ಯಾರ್ರೀ?”

“ತಪ್ಪಾಯ್ತಮ್ಮ. ‘ಅಣ್ಣಾ’ ಅಂತ ಕರೆಸ್ಲಾ?”

ಆಕೆ ಸ್ವಲ್ಪ ಯೋಚಿಸಿದರಂತೆ. “ಬೇಡ ಬಿಡಿ. ನಾನು ಕರೆದ್ರೆ ಏಳದೋರು ಅವಳು ಕರೆದ್ರೆ ಏಳ್ತಿದಾರೆ.”

ಶಸ್ತ್ರಚಿಕಿತ್ಸೆ ಮುಗಿಸಿ ಅಕ್ಕ ಮನೆಗೆ ಬಂದ ವಾರದಲ್ಲಿ ನಗು ನಿಂತಿತು. ಊಟದ ಹೊತ್ತಿನಲ್ಲಿ, ಟೀವಿ ಸದ್ದಿನ ನಡುವೆ, ಮನೆಯ ಟ್ಯಾಂಕ್ ತುಂಬಿ ಅವಳದೇ ಧ್ವನಿ ಕರೆಯತೊಡಗಿತು. ಅಕ್ಕ ಸೌಟು ಕೆಳಗಿಟ್ಟಳು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನವೂ ಅದೇ. ಭಾವನಿಗೆ ತಡೆಯಲಾಗಲಿಲ್ಲ. ಧ್ವನಿಯ ಜಾಗದಲ್ಲಿ ಗಂಟೆಯ ಸದ್ದಿಟ್ಟು ಹೊಸ ಪ್ರೋಗ್ರಾಂ ಬರೆದರು. ಲ್ಯಾಪ್‌ಟಾಪಿನಲ್ಲಿದ್ದ ಮೂಲ ಧ್ವನಿಯನ್ನೂ ಅಳಿಸಿದರು. ಅಂದು ರಾಹುಕಾಲ ನೋಡಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ಅವರು ಭದ್ರಾವತಿಯಲ್ಲಿ ಕೂತು ಗುಂಡಿ ಒತ್ತುತ್ತಾ ಹೋದರು. ಶಿವಮೊಗ್ಗದ ಒಂದೊಂದೇ ಮನೆಯಲ್ಲಿ ಅಕ್ಕ ಸುಮ್ಮನಾಗುತ್ತಾ ಹೋದಳು.

ಬೇರೆಲ್ಲೂ ಅವಳ ಧ್ವನಿ ಇರಲಿಲ್ಲ. ಫೋನ್ ಎತ್ತಿ ವಿಡಿಯೊ ಎಂದರೆ ಸಾಕು, ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುವವಳು ಅವಳು.

ವಿದ್ಯಾನಗರದಿಂದ ನಾನು ಫೋನ್ ಮಾಡಿದೆ. “ಭಾವ, ಇಲ್ಲಿ ಅಕ್ಕ ಇನ್ನೂ ಮಾತಾಡ್ತಿದಾಳೆ.”

ಅವರು ದನಿ ತಗ್ಗಿಸಿದರು. “ಅದೊಂದು ಉಳಿದಿದೆ ಮಾರಾಯ. ಅವರ ವೈಫೈ ಆಗ್ಲಿಂದ್ಲೂ ಬಂದ್ ಆಗಿದೆ, ಪ್ರೋಗ್ರಾಂ ತಲುಪ್ಲಿಲ್ಲ. ನಾಳೆ ನಾನೇ ಬಂದು ಕೇಬಲ್ ಹಾಕಿ ತೆಗೀತೀನಿ. ನಿಮ್ಮಕ್ಕನಿಗೆ ಹೇಳ್ಬೇಡ.”

ಹೇಳಲಿಲ್ಲ. ಆದರೆ ಲ್ಯಾಪ್‌ಟಾಪ್ ಚೀಲ ಕಂಡೊಡನೆ ಅಕ್ಕ ಚಪ್ಪಲಿ ಮೆಟ್ಟಿ ಹೊರಟಳಂತೆ. ಮನೆಯವರ ಒಪ್ಪಿಗೆ ಪಡೆದು, ಪಕ್ಕದ ಮನೆಯಲ್ಲಿದ್ದ ಕೀಲಿ ತೆಗೆದುಕೊಂಡು, ಮೂವರೂ ತಾರಸಿ ಹತ್ತಿದೆವು. ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿತ್ತು. ಮಳೆನೀರು ತುಂಬಿ ತಂತಿಗೆ ತಾಗಿದಾಗೆಲ್ಲ ಡಬ್ಬಿ ಕೂಗುತ್ತಿತ್ತು, ಅಷ್ಟೇ.

ಭಾವ ಕೇಬಲ್ ಸಿಕ್ಕಿಸಿದರು. ಹಳೆಯದನ್ನು ಅಳಿಸಿ ಹೊಸದನ್ನು ಹಾಕಲೇ ಎಂದು ಲ್ಯಾಪ್‌ಟಾಪ್ ಕೇಳಿತು. ಗಾಳಿ ಬೀಸಿ ಟ್ಯಾಂಕಿನ ನೀರು ಅಲುಗಿತು.

“ರೀ,” ಎಂದಿತು ಡಬ್ಬಿ.

ಅಕ್ಕ ತುಟಿ ಮುಚ್ಚಿ ನಿಂತಿದ್ದಳು. ಅವಳ ಧ್ವನಿ ಅವಳ ಬೆನ್ನ ಹಿಂದಿನಿಂದ ಬಂತು. ಕುತೂಹಲಕ್ಕೆ ಹತ್ತಿ ಬಂದಿದ್ದ ಪಕ್ಕದ ಮನೆಯಾಕೆ ಮೆಟ್ಟಿಲ ಮೇಲೆಯೇ ಕುಸಿದು ಕೂತರು.

ಭಾವನ ಬೆರಳು ಗುಂಡಿಯ ಹತ್ತಿರ ಹೋಯಿತು. ಅಕ್ಕ ಅವರ ಮಣಿಕಟ್ಟು ಹಿಡಿದಳು.

“ನಿಂಗೆ ಸಂಕಟ ಆಗುತ್ತಲ್ಲ ಕಣೇ. ಅವತ್ತು ಬಾಗಿಲು ಹಾಕ್ಕೊಂಡ್ಯಲ್ಲ.”

ಅಕ್ಕ ಅಲ್ಲವೆಂದು ತಲೆ ಅಲ್ಲಾಡಿಸಿದಳು. ಟ್ಯಾಂಕ್ ತೋರಿಸಿದಳು. ಗಾಳಿಯಲ್ಲೇ ಬಾಗಿಲು ಮುಚ್ಚಿದಂತೆ ಕೈ ಆಡಿಸಿದಳು. ಕಿವಿಯ ಹಿಂದೆ ಅಂಗೈ ಇಟ್ಟು ಮೇಲೆ ನೋಡಿದಳು. ಭದ್ರಾವತಿಯ ಮನೆಯಲ್ಲಿ ಟ್ಯಾಂಕ್ ಇರುವುದು ಆ ಕೋಣೆಯ ನೆತ್ತಿಯ ಮೇಲೆ.

“ಟೀವಿ ಗಲಾಟೆ ಇತ್ತು ಅಂತ್ಲಾ?” ಭಾವ ಗುಂಡಿಯಿಂದ ಕೈ ಹಿಂತೆಗೆದರು. “ಕೇಳಿಸ್ಕೊಳ್ಳೋಕೆ ಹೋದ್ಯಾ?”

ಅಕ್ಕ ಹೌದೆಂದು ತಲೆಯಾಡಿಸಿದಳು. ಆಮೇಲೆ ಬಗ್ಗಿ, ತಾನೇ ಕೇಬಲ್ ಕಿತ್ತಳು.

ಆ ಮನೆಗೆ ಗಂಟೆಯ ಡಬ್ಬಿ ಕೂರಿಸಿದ್ದಾಯಿತು. ಹಳೆಯದು ಈಗ ಭದ್ರಾವತಿಯಲ್ಲಿ, ಅಡುಗೆಮನೆಯ ಕಟ್ಟೆಯ ಮೇಲಿದೆ. ಅದಕ್ಕೆ ಟ್ಯಾಂಕಿಲ್ಲ. ನಿನ್ನೆ ಬೆಳಿಗ್ಗೆ ನಾನು ಹೋದಾಗ ಅಕ್ಕ ಅದರ ಎರಡೂ ತಂತಿಗಳನ್ನು ನೀರಿನ ಲೋಟಕ್ಕೆ ಅದ್ದಿದಳು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಭಾವ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದರು. ತಟ್ಟೆಗೆ ಉಪ್ಪಿಟ್ಟು ಬಡಿಸಿಯಾಗಿತ್ತು.