ಮಿಲ್ಲಿನ ಮೊದಲನೇ ಕೂಗು

“ನಮ್ಮ ಮಿಲ್ಲಿನ ಮೊದಲನೇ ಕೂಗು ಕೂಗಿಸಿದವನು ನಾನೇ” ಅಂತ ಮೈಕು ಹಿಡಿದುಕೊಂಡು ಹೇಳಿದೆ. ಭತ್ತ ಒಣಗಿಸೋ ಕಣದ ತುಂಬ ಜನ. ಒಬ್ಬರೂ ಅಲ್ಲ ಅನ್ನಲಿಲ್ಲ. ಅನ್ನೋಕೆ ಆ ಕಾಲದವರು ಯಾರಾದರೂ ಅಲ್ಲಿರಬೇಕಲ್ಲ!

ನಂಜನಗೂಡು ಬಿಟ್ಟು ತಿ. ನರಸೀಪುರದ ರಸ್ತೆ ಹಿಡಿದರೆ ಎತ್ತರದ ಹೊಗೆ ಕೊಳವೆ ಕಾಣುತ್ತದೆ, ಅದೇ ನಮ್ಮ ಅಕ್ಕಿ ಮಿಲ್ಲು. ನಾನು ಅಲ್ಲಿ ಬಾಯ್ಲರ್ ನೋಡಿಕೊಂಡವನು. ಭತ್ತ ಬೇಯಿಸೋ ಹಬೆಯೂ ನನ್ನದು, ಆ ಹಬೆಯಲ್ಲಿ ಊರಿಗೆಲ್ಲ ಕೇಳೋ ಹಾಗೆ ಕೂಗೋ ಸೀಟಿಯೂ ನನ್ನದು. ಮಿಲ್ಲನ್ನ ಹಾಕಿದವರು ದೊಡ್ಡ ಯಜಮಾನರ ಅಪ್ಪ. ಬೆಳೆಸಿದವರು ದೊಡ್ಡ ಯಜಮಾನರು. ಅವರು ಹೋದ ವರ್ಷ ತೀರಿಕೊಂಡರು. ಅವರ ಫೋಟೋ ಕಣದ ಎದುರಿಗಿರೋ ಆಫೀಸಿನ ಗೋಡೆಗೆ ಏರಿಸೋ ದಿನ ಅದು.

ಈಗ ಮಿಲ್ ನಡೆಸೋರು ಅವರ ಮೊಮ್ಮಗಳು. ಚಿಕ್ಕಮ್ಮಾವ್ರು ಅಂತೀವಿ ನಾವೆಲ್ಲ. “ಮಿಲ್ ಶುರುವಾದ ದಿನ ಇಲ್ಲಿದ್ದವರು ಯಾರಾದರೂ ಇದ್ದರೆ, ಮೊದಲ ಹಾರ ಅವರೇ ಹಾಕಬೇಕು. ತಾತ ಇದ್ದಿದ್ದರೆ ಹಾಗೇ ಹೇಳೋರು” ಅಂದರು. ಯಜಮಾನರಿಗೆ ಮೊದಲ ಹಾರ! ಅದನ್ನ ಇನ್ನೊಬ್ಬನ ಕೈಯಲ್ಲಿ ನೋಡಿಕೊಂಡು ನಾನು ಬದುಕಿರಬೇಕೇ? ಎರಡು ಕೈಯನ್ನೂ ಎತ್ತಿಬಿಟ್ಟೆ.

“ಬಾಯ್ಲರ್ ತಾತ, ನಿಮಗೆ ಅಷ್ಟು ವಯಸ್ಸಾಗಿದೆಯಾ?” ಅಂದರು ಚಿಕ್ಕಮ್ಮಾವ್ರು.

“ತೊಂಬತ್ತರ ಮೇಲಾಯ್ತು ಅಮ್ಮಾವ್ರೇ. ನೋಡೋಕೆ ಎಪ್ಪತ್ತರೋನಂಗೆ ಕಾಣ್ತೀನಿ, ಅದು ನಮ್ಮ ಮಿಲ್ಲಿನ ತೌಡಿನ ಗುಣ.”

ಹಾರ ಮೈಸೂರಿಂದ ಬರಬೇಕಿತ್ತು. ತರುತ್ತಿದ್ದವನು ಕಡಕೊಳದ ಹತ್ತಿರ ಟೈರ್ ಪಂಚರ್ ಆಗಿ ನಿಂತಿದ್ದೀನಿ ಅಂತ ಫೋನು ಮಾಡಿದ. “ಅಲ್ಲೀವರೆಗೆ ನಮ್ಮ ತಾತನ ವಿಷಯ ಏನಾದರೂ ಹೇಳ್ತಾ ಇರಿ” ಅಂದರು ಚಿಕ್ಕಮ್ಮಾವ್ರು. ನಮ್ಮ ಮಿಲ್ಲಿನಲ್ಲಿ ದಿನಾ ಬೆಳಗಾದರೆ ಒಂದಲ್ಲ ಒಂದು ಆಗುತ್ತಲೇ ಇತ್ತು, ಹೇಳೋದಕ್ಕೇನು ಬರವೇ? ಶುರು ಮಾಡಿದೆ.

ಕಂಡಕ್ಟರ್ ಇಲ್ಲದ ಬಸ್ಸು

ನನ್ನ ಕೂಗು ಎಂಥದ್ದು ಅಂದರೆ, ಕಳಲೆಯ ಕಡೆ ಮರದಲ್ಲಿದ್ದ ಹುಣಸೆಕಾಯಿ ತಾನಾಗಿ ಉದುರೋದು. ಹುಣಸೆ ಬಡಿಯೋಕೆ ಕೂಲಿ ಕೊಡೋದು ತಪ್ಪಿತು ಅಂತ ತೋಟದವರು ನನಗೆ ಕೈ ಮುಗಿಯೋರು.

ಒಂದು ದಿನ ಬೆಳಗ್ಗೆ ಹುಲ್ಲಹಳ್ಳಿಗೆ ಹೋಗೋ ಪ್ರೈವೇಟ್ ಬಸ್ಸು ಮಿಲ್ಲಿನ ಮುಂದೆ ನಿಂತಿತ್ತು. ಡ್ರೈವರ್ ಸೀಟಿನಲ್ಲಿದ್ದ. ಕಂಡಕ್ಟರು, ಜನ ಎಲ್ಲ ಕೆಳಗೆ ಟೀ ಕುಡೀತಿದ್ದರು. ಡ್ರೈವರಿಗೆ ಕಿವಿ ಮಂದ. ನಾನು ಎಂಟು ಗಂಟೆ ಕೂಗು ಕೊಟ್ಟೆ. ಊರಿಗೆಲ್ಲ ಗುಡುಗಿದಂಗೆ ಕೇಳೋ ಕೂಗು ಆ ಪುಣ್ಯಾತ್ಮನಿಗೆ ಕಂಡಕ್ಟರ್ ಸೀಟಿಯಷ್ಟು ಕೇಳಿಸಿತು. ರೈಟ್ ಅಂದುಕೊಂಡು ಹೊರಟೇಬಿಟ್ಟ, ಖಾಲಿ ಬಸ್ಸು!

ಜನ ಎಲ್ಲ ಮಿಲ್ಲಿನ ಗೇಟಿಗೆ ಜಗಳಕ್ಕೆ ಬಂದರು. ಬೇರೆ ಯಜಮಾನರಾಗಿದ್ದರೆ ಗೇಟು ಹಾಕಿಸೋರು. ನಮ್ಮವರು ತಿಂಡಿ ತಟ್ಟೆ ಬಿಟ್ಟು ಎದ್ದು ಬಂದರು. “ನಮ್ಮ ಕೂಗಿಂದ ತಪ್ಪಿದ ಬಸ್ಸು, ನಾವೇ ತಲುಪಿಸಬೇಕು. ಲಾರಿ ತೆಗಿಯೋ” ಅಂದರು. ತೌಡಿನ ಮೂಟೆ ಮೇಲೆ ಮೆತ್ತಗೆ ಕೂತುಕೊಂಡು, ಕಾಲುವೆ ಏರಿ ಮೇಲೆ ಅಡ್ಡದಾರೀಲಿ ಹೊರಟಿತು ಸವಾರಿ. ಯಜಮಾನರು ಎಲ್ಲರಿಗೂ ಕಡ್ಲೆಪುರಿ ಬೇರೆ ಕಟ್ಟಿಸಿ ಕೊಟ್ಟಿದ್ದರು.

ಡ್ರೈವರು ದಾರಿಯುದ್ದಕ್ಕೂ ಒಂದೊಂದು ಸ್ಟಾಪಿನಲ್ಲೂ ನಿಲ್ಲಿಸಿ, ಇವತ್ತು ಯಾರೂ ಸೀಟಿ ಊದುತ್ತಿಲ್ಲವಲ್ಲ ಅಂತ ಕಾದು ಕಾದು, ಹುಲ್ಲಹಳ್ಳಿ ಮುಟ್ಟೋ ಹೊತ್ತಿಗೆ ಲಾರಿಯವರು ಇಳಿದು ಕೈ ಕಾಲು ತೊಳೆದಾಗಿತ್ತು. ಬಸ್ಸು ನಿಂತ ತಕ್ಷಣ ಕಂಡಕ್ಟರು ಹತ್ತಿ ಡ್ರೈವರನ್ನ ಕೇಳಿದ:

“ಎಲ್ಲಣ್ಣ ನಿನ್ನ ಟಿಕೀಟು?”

ಮೂಟೆಯ ಅಕ್ಷರ

ನಾನು ಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ಯಜಮಾನರಿಗೆ ಒಂದು ಹಟ ಇತ್ತು, ನನ್ನ ಮಿಲ್ಲಿನಲ್ಲಿ ಯಾರೂ ಹೆಬ್ಬೆಟ್ಟು ಒತ್ತಬಾರದು ಅಂತ. ಸಂಜೆ ಕೆಲಸ ಮುಗಿದ ಮೇಲೆ ತಾವೇ ನಮ್ಮನ್ನ ಗೋಡೌನಿನಲ್ಲಿ ಕೂರಿಸಿಕೊಂಡು ಅಕ್ಷರ ಕಲಿಸೋರು. ಸ್ಲೇಟು ಯಾಕೆ ದಂಡ, ಎದುರಿಗೇ ಮೂಟೆ ಇದೆಯಲ್ಲ! ಮೂಟೆ ಮೇಲೆ ಅಚ್ಚು ಹೊಡೆದ ಅಕ್ಷರವನ್ನೇ ತಿದ್ದೋದು. ಎಲ್ಲರಿಗಿಂತ ಮೊದಲು ಕಲಿತವನು ನಾನು. ಒಂದು ಸಾಲು ಪೂರ್ತಿ ಕಣ್ಣು ಮುಚ್ಚಿಕೊಂಡು ಬರೀತಿದ್ದೆ.

ಆ ವರ್ಷವೇ ನನ್ನ ಮಗಳಿಗೆ ತಿ. ನರಸೀಪುರದ ಕಡೆ ಗಂಡು ಗೊತ್ತಾಯಿತು. ನಿಶ್ಚಿತಾರ್ಥಕ್ಕೆ ಯಜಮಾನರೂ ಬಂದಿದ್ದರು. ಪುರೋಹಿತರು ಲಗ್ನಪತ್ರಿಕೆ ಓದಿ ಮುಗಿಸಿ, ಹೆಣ್ಣಿನ ತಂದೆ ರುಜು ಹಾಕಲಿ ಅಂದರು. ಬೀಗರು ಹೆಬ್ಬೆಟ್ಟಿನ ಮಸಿ ಮುಂದೆ ತಳ್ಳಿದರು. ನಾನು ಅದನ್ನ ಹಿಂದಕ್ಕೆ ತಳ್ಳಿ ಪೆನ್ನು ಇಸಕೊಂಡು, ಕಲಿತ ಸಾಲನ್ನ ಪೂರ್ತಿ ಬರೆದೆ.

ಬೀಗರು ಓದಿದರು. ಮುಖ ಗಂಭೀರ ಆಯಿತು. ಪಕ್ಕದವರಿಗೆ ಕೊಟ್ಟರು. ಅವರೂ ಓದಿ ಹಿಂದಕ್ಕೆ ಕೊಟ್ಟರು. ಯಜಮಾನರು ಬಗ್ಗಿ ನೋಡಿದರು. ‘ಮಳೆ ಬಿಸಿಲಿಗೆ ಇಡಬೇಡಿ’ ಅಂತಿತ್ತು.

ಬೀಗರು ಎದ್ದು ಬಂದು ನನ್ನ ಎರಡು ಕೈ ಹಿಡಕೊಂಡರು. ಕಣ್ಣಲ್ಲಿ ನೀರು. “ಇಡಲ್ಲ ಬೀಗ್ರೇ. ಹೆತ್ತ ಕರುಳು ಏನು ಅಂತ ಇವತ್ತು ಗೊತ್ತಾಯ್ತು. ನಿಮ್ಮ ಮಗಳನ್ನ ನೆರಳಲ್ಲೇ ಇಡ್ತೀವಿ.”

ಯಜಮಾನರು ಒಂದು ಚೂರೂ ನಗದೆ, “ನಮ್ಮ ಮಿಲ್ಲಿಂದ ಏನೇ ಹೊರಗೆ ಹೋದರೂ ಇದೇ ಷರತ್ತು” ಅಂದರು.

ಇವತ್ತಿಗೂ ನನ್ನ ಮಗಳು ಗದ್ದೆಗೆ ಇಳಿದಿಲ್ಲ. ಅವಳ ಅತ್ತೆ ಛತ್ರಿ ಹಿಡಿದುಕೊಂಡು ಹಿಂದೆ ಬರುತ್ತಾಳೆ.

ಮದುವೆ ಗಂಡಿನ ಹಲಗೆ

ಕಣದ ವಿಷಯ ಹೇಳಲೇಬೇಕು. ಬೇಯಿಸಿದ ಭತ್ತ ಒಣಗಿಸೋಕೆ ಸಿಮೆಂಟಿನ ದೊಡ್ಡ ಕಣ. ಕೆಲಸದವರ ಮನೆ ಮದುವೆ ಅಂದರೆ ಯಜಮಾನರು ಅದನ್ನೇ ಚಪ್ಪರಕ್ಕೆ ಬಿಟ್ಟುಕೊಡೋರು, ಅಕ್ಕಿ ಬೇಳೆಯೂ ಅವರದೇ. ಆ ಕಣಕ್ಕೆ ಒಬ್ಬಳು ಮುಖ್ಯಸ್ಥೆ ಇದ್ದಳು, ಕಣದವ್ವ ಅಂತಿದ್ದೆವು. ಆಯಮ್ಮನ ಬಾಯಿಗೆ ಯಜಮಾನರೂ ಹೆದರೋರು. ಈಗ ಮುಡುಕುತೊರೆಯಲ್ಲಿ ಮಗಳ ಮನೆ ಸೇರಿದ್ದಾಳೆ. ಓಡಾಡೋಕೆ ಆಗಲ್ಲವಂತೆ, ಪಾಪ. ಇವತ್ತು ಬರೋದಕ್ಕೂ ಆಗಲಿಲ್ಲ, ಪಾಪ.

ಒಂದು ಸಲ ಅರ್ಧ ಕಣದಲ್ಲಿ ಮದುವೆ, ಇನ್ನರ್ಧದಲ್ಲಿ ಭತ್ತ. ಧಾರೆಗೆ ಇನ್ನೇನು ಹೊತ್ತಾಯಿತು ಅನ್ನುವಾಗ ಕಪಿಲೆಯ ಕಡೆಯಿಂದ ಕಪ್ಪಗೆ ಮೋಡ ಎದ್ದಿತು. ಕಣದವ್ವ ಓಲಗದವನ ಮುಂದೆ ಹೋಗಿ ನಿಂತು, “ನಿಲ್ಲುಸ್ಲಾ ಪೀಪೀ ಊದದ. ಬತ್ತ ಒಳೀಕ್ ಓಗಗಂಟ ಯಾರ್ಗೂ ಊಟ ಇಲ್ಲ!” ಅಂದಳು.

ಭತ್ತ ಎಳೆಯೋ ಹಲಗೆ ಹಿಡಿದು ಮೊದಲು ಇಳಿದವರು ಯಜಮಾನರು, ಜರಿ ಪಂಚೆ ಎತ್ತಿ ಕಟ್ಟಿಕೊಂಡು. ಆಮೇಲೆ ಬೀಗರು, ಅಡುಗೆಯವರು, ಪುರೋಹಿತರು. ನಾನೊಬ್ಬನೇ ಹತ್ತು ಜನರ ಭತ್ತ ಎಳೆದೆ, ಅದು ಇರಲಿ. ಮದುವೆ ಗಂಡು ನೋಡುವಷ್ಟು ನೋಡಿ, ಬಾಸಿಂಗ ಬಿಚ್ಚದೆ ಹಲಗೆಗೆ ಕೈ ಹಾಕಿದ. ಏನು ಎಳೆತ ಅಂತೀರಿ! ಎತ್ತು ನಾಚಬೇಕು.

ಕೊನೇ ರಾಶಿ ಒಳಗೆ ಹೋಗೋದಕ್ಕೂ ಮೊದಲ ಹನಿ ಬೀಳೋದಕ್ಕೂ ಸರಿಹೋಯಿತು. ಕಣದವ್ವ ಗಂಡನ್ನ ಮೇಲಿಂದ ಕೆಳಗೆ ನೋಡಿದಳು. ಹಸೆಮಣೆ ಮೇಲಿದ್ದ ಹೆಣ್ಣಿನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು:

“ಮದ್ವೆ ನಾಳೀಕ್ ಮಡೀಕಂಡ್ರಾಗಲ್ವಾ ಮಗ? ಇನ್ನೊಂದ್ ಪಾಕ ಬತ್ತ ಬೆಂದದೆ.”

ಮೀಸೆ

ಇಷ್ಟು ಹೇಳೋ ಹೊತ್ತಿಗೆ ಹಾರ ಬಂತು. ತೋಳುದ್ದದ ಸುಗಂಧರಾಜದ ಹಾರ. ಚಿಕ್ಕಮ್ಮಾವ್ರು ಅದನ್ನ ಬುಟ್ಟಿಯಿಂದ ತೆಗೆಯುತ್ತಿದ್ದರು. ಕೈಗೆ ಬರೋ ಮೊದಲು ಆ ಮೊದಲ ದಿನದ ವಿಷಯ ಒಂದು ಹೇಳಿ ಮುಗಿಸೋಣ ಅನ್ನಿಸಿತು. ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು?

“ಅವತ್ತು ದೊಡ್ಡ ದೊಡ್ಡ ಮನುಷ್ಯರು ಬಂದಿದ್ರು. ಸೀಟಿ ಸರಪಣಿ ಎಳೆಯೋಕೆ ಒಬ್ಬರಿಗೂ ಧೈರ್ಯ ಇಲ್ಲ. ಯಜಮಾನರ ಅಪ್ಪ ನನ್ನ ಕಡೆ ನೋಡಿದ್ರು. ನಾನು ಹಿಂಗೆ ಮೀಸೆ ತಿರುವಿಕೊಂಡು…”

“ಮೀಸೇನಾ? ಹಲ್ಲೇ ಬಂದಿರ್ನಿಲ್ಲ ಕಣ್ಲಾ ನಿಂಗೆ! ಬಾಯಲ್ಲಿ ಒಂದ್ ಹಲ್ಲಿರ್ನಿಲ್ಲ!”

ಕಣದ ಹಿಂದೆ ಮಿಲ್ಲಿನ ಕಾರು ನಿಂತಿತ್ತು. ಅದರ ಬಾಗಿಲು ಹಿಡಕೊಂಡು ಕಣದವ್ವ ಇಳೀತಿದ್ದಳು. ಚಿಕ್ಕಮ್ಮಾವ್ರು ನನಗೊಂದು ಮಾತೂ ಹೇಳದೆ ಬೆಳಗ್ಗೆಯೇ ಮುಡುಕುತೊರೆಗೆ ಕಾರು ಕಳಿಸಿದ್ದರಂತೆ. ಹಾರ ಕೈ ತಪ್ಪಿತು ಅಂತ ನನಗೆ ಅಲ್ಲೇ ಗೊತ್ತಾಯಿತು.

ಆಯಮ್ಮನಿಗೆ ಕುರ್ಚಿ ಹಾಕಿದರು. ಮೈಕು ಬೇಡ ಅಂದಳು, ಅವಳಿಗೆ ಯಾವತ್ತು ಬೇಕಿತ್ತು?

“ಇವ್ನವ್ವ, ನಾನು ಜೊತೇಲಿ ಬತ್ತ ಅರಡ್ತಿದ್ದೊ. ಇವ್ನು ಆ ಬೇವಿನ ಮರುಕ್ಕೆ ಕಟ್ಟಿದ್ ಜೋಲೀಲಿ ಮನ್ಗಿದ್ದ, ಕೈಕೂಸು. ಪೂಜೆ ಆಯ್ತು. ಯಜಮಾನ್ರಪ್ಪ ಸರಪಣಿ ಎಳುದ್ರು. ಸೀಟಿ ಬುಸ್ ಅಂತು ಅಷ್ಟೇಯ, ಕೂಗ್ನಿಲ್ಲ. ಎಲ್ಲಾ ಮೊಕ ಮೊಕ ನೋಡ್ಕತಾ ಅವ್ರೆ. ಆಗ ಇವ್ನು ಜೋಲೀಲಿ ಒಂದ್ ಕಿರುಚ್ದ ನೋಡವ್ವ, ಗೇಟಿನ್ ತಾವ ನಿಂತಿದ್ದೋರು ಮಿಲ್ ಕೂಗ್ತು ಅಂತ ಚಪ್ಪಾಳೆ ತಟ್ಬುಟ್ರು! ಪೂಜಾರಿ ಕಾಯಿ ಒಡ್ದೇಬುಟ್ಟ! ನಿಮ್ಮ ತಾತ ಆಗ ಎಳೇ ಉಡ್ಗ. ಓಡ್ಬಂದು ಇವ್ನ ಎತ್ಕಂಡು, ‘ಇವ್ನ್ ದೊಡ್ಡೋನಾದ್ ಮ್ಯಾಲೆ ಬಾಯ್ಲರ್‌ಗೇ ಆಕಬೇಕು’ ಅಂದಿದ್ರು.”

ಕಣಕ್ಕೆ ಕಣವೇ ನಗೋಕೆ ಶುರುವಾಯಿತು. ಚಿಕ್ಕಮ್ಮಾವ್ರು ಹಾರ ಹಿಡಕೊಂಡೇ ಕುಕ್ಕರಿಸಿಬಿಟ್ಟರು. ಕಣ್ಣೊರೆಸಿಕೊಂಡು, “ಏನ್ ಬಾಯ್ಲರ್ ತಾತ? ಈಗೇನು ಹೇಳ್ತೀರಿ?” ಅಂದರು.

ನಾನು ಗೋಡೆ ಮೇಲಿನ ಫೋಟೋ ನೋಡಿದೆ. ಲಗ್ನಪತ್ರಿಕೆ ದಿನ ಇದ್ದ ಹಾಗೇ ಇದ್ದರು ಯಜಮಾನರು, ಒಂದು ಚೂರೂ ನಗದೆ. ಹೆಗಲು ಕುಣಿಸಿದೆ.

“ಹೇಳೋದೇನದೆ ಅಮ್ಮಾವ್ರೇ? ಮೊದಲನೇ ಕೂಗು ನಂದೇ ಅಂದಿದ್ದೆ, ಕಣದವ್ವನೇ ಬಂದು ಸಾಕ್ಷಿ ಹೇಳಾಯ್ತು. ಮೀಸೆ ಸ್ವಲ್ಪ ತಡವಾಗಿ ಬಂತು, ಅಷ್ಟೇ. ಕೊಡಿ ಹಾರ, ಆಯಮ್ಮನ ಕೈಗೆ ಅಷ್ಟೆತ್ತರ ಎಟುಕಲ್ಲ.”