ಮೂರು ಅಂದರೆ ಐದು

ಕಂಪ್ಯೂಟರ್ ಕಲಿಸುವ ಮಾಸ್ತರ ಮನೆಯಲ್ಲೇ ಇಂಥ ಪ್ರೋಗ್ರಾಮು ಇರಬಹುದೇ? ಕುಷ್ಟಗಿಯ ಗೋವಿಂದರಾಜ ಮಾಸ್ತರಿಗೆ ಭಾನುವಾರ ಎದ್ದ ಕೂಡಲೇ ಇದೇ ಸಂಕಟ. ಹೆಂಡತಿ ಕವಿತಾಗೆ ಪ್ರೋಗ್ರಾಮಿಂಗ್ ಕಲಿಸಿದವರು ಅವರೇ. ಅವಳು ಬರೆದ ಮೊದಲ ಪ್ರೋಗ್ರಾಮಿಗೆ ಯಾರ್‍ಯಾರು ಎಷ್ಟು ರೊಟ್ಟಿ ಕೇಳಿದರೆಂದು ತಿಳಿಸಿದರೆ, ಒಟ್ಟು ಎಷ್ಟು ಬಡಿಯಬೇಕೆಂದು ಅದು ಹೇಳುತ್ತಿತ್ತು. ಆರು ತಿಂಗಳಿಂದ ಒಂದು ರೊಟ್ಟಿಯೂ ಉಳಿದಿಲ್ಲ, ಒಂದೂ ಕಡಿಮೆ ಬಿದ್ದಿಲ್ಲ. ಆದರೆ ಉಣ್ಣುವವರು ಮೂರೇ ಜನ, ಪ್ರೋಗ್ರಾಮು ನಲವತ್ತು ಸಾಲು!

ಮರುದಿನ ಕಾಲೇಜಿನಲ್ಲಿ ರೀಫ್ಯಾಕ್ಟರಿಂಗ್ ಪಾಠವಿತ್ತು. ಅದಕ್ಕೆ ತಾಲೀಮೂ ಆಗುತ್ತದೆಂದು ಮಾಸ್ತರು ಲ್ಯಾಪ್‌ಟಾಪ್ ಎಳೆದುಕೊಂಡರು.

"ಏನ್ ಮಾಡಾಕ್ಹತ್ತೀರಿ?" ಹಿಟ್ಟು ಸಾಣಿಸುತ್ತಿದ್ದ ಕವಿತಾ ಕೇಳಿದಳು.

"ರೀಫ್ಯಾಕ್ಟರಿಂಗ್. ಅಂದ್ರ, ಬರೋ ಉತ್ತರ ಬದಲಾಗಬಾರದು, ಬರದದ್ದು ಮಾತ್ರ ಚೊಕ್ಕ ಆಗಬೇಕು."

"ಛಲೋನ ನಡದಿತ್ತಲ್ರಿ. ಉತ್ತರ ಬದಲಾದ್ರ?"

"ಬದಲಾದ್ರ ಎಂಟು ದಿನ ಮುಸುರಿ ನಾ ತಿಕ್ಕತೀನಿ!"

"ಅತ್ತಿ, ಕೇಳಿದ್ರಿಲ್ಲೋ?"

"ಎರಡೂ ಕಿವೀಲೆ ಕೇಳೀನವಾ," ಎಂದರು ಒಳಗಿನಿಂದ ಮಾಸ್ತರ ತಾಯಿ ಗಾಳೆಮ್ಮ.

ಮಾಸ್ತರು ಮೂರು ಕಡೆ ಬರೆದಿದ್ದ ಒಂದೇ ಲೆಕ್ಕವನ್ನು ಒಂದು ಕಡೆಗೆ ತಂದರು. ಅ, ಬ, ಕ ಎಂದಿದ್ದಲ್ಲಿ ಅರ್ಥವಾಗುವ ಹೆಸರಿಟ್ಟರು. ಕೊನೆಗೊಂದು ವಿಚಿತ್ರ ಸಾಲು ಸಿಕ್ಕಿತು: 'ನಮ್ಮನಿಯವರು ಮೂರು ಅಂದರೆ, ಐದು ಅಂತ ತಿಳಿ.' ಇದೆಂಥ ಲೆಕ್ಕ! ಮೂರು ಅಂದರೆ ಮೂರೇ. (ಹೊಟ್ಟೆ ಕರಗಿಸುವ ಮಹಾವ್ರತ ಹಿಡಿದು, ಊಟಕ್ಕೆ ಮೂರೇ ರೊಟ್ಟಿ ಎಂದು ಮಾಸ್ತರು ಓಣಿಗೆಲ್ಲ ಸಾರಿದ್ದರು.) ಆ ಸಾಲನ್ನು ಅಳಿಸಿಯೇಬಿಟ್ಟರು. ಒಂದೊಂದು ಬದಲಾವಣೆಗೂ ಪರೀಕ್ಷೆ ಮಾಡಿ ನೋಡಿರೆಂದು ವರ್ಷವಿಡೀ ಗಂಟಲು ಹರಿದುಕೊಳ್ಳುವ ಮಹಾನುಭಾವರು ತಾವು ಮಾತ್ರ ಒಮ್ಮೆಯೂ ಪರೀಕ್ಷೆ ಮಾಡಲಿಲ್ಲ. ನಲವತ್ತು ಸಾಲು ಏಳಕ್ಕೆ ಇಳಿದಿತ್ತಲ್ಲ, ಆ ಸಂಭ್ರಮ!

ಮಧ್ಯಾಹ್ನ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಮೂರು ರೊಟ್ಟಿ ಎಲ್ಲಿ ಹೋದವೋ ಗೊತ್ತೇ ಆಗಲಿಲ್ಲ. ದಿನಾಲೂ "ಬ್ಯಾಡ, ಬ್ಯಾಡ" ಎನ್ನುತ್ತಲೇ ತಿನ್ನುತ್ತಿದ್ದ ನಾಲ್ಕನೆಯದು ಇಂದು ತಾಟಿಗೆ ಬೀಳಲಿಲ್ಲ. ನೋಡಿದರೆ ಬುಟ್ಟಿ ಖಾಲಿ. ಮಾಸ್ತರಿಗೆ ಅಳಿಸಿದ ಸಾಲು ಆಗ ನೆನಪಾಯಿತು. ಕೇಳಿದರೆ ಪಂಥ ಸೋತಂತೆ. ಸುಮ್ಮನಿದ್ದರೆ ಗೆದ್ದಂತೆ, ಆದರೆ ಅರ್ಧ ಹೊಟ್ಟೆ. ಅಯ್ಯೋ, ಎಣ್ಣೆಗಾಯಿ ಬೇರೆ ಇನ್ನೂ ತಾಟಿನಲ್ಲಿದೆ!

"ಉತ್ತರ ಬದಲಾಗಿಲ್ಲಲ್ರಿ?" ಕವಿತಾ ಮೆಲ್ಲಗೆ ಕೇಳಿದಳು.

"ಬದಲಾಗೇತಿ ತಾಯಿ, ಬದಲಾಗೇತಿ! ಇನ್ನೊಂದು ರೊಟ್ಟಿ ಹಾಕು!"

ಕವಿತಾ ಬೆನ್ನ ಹಿಂದೆ ಮುಚ್ಚಿಟ್ಟಿದ್ದ ಎರಡು ರೊಟ್ಟಿ ತೆಗೆದು ಬಡಿಸಿದಳು. "ಹಳೇ ಪ್ರೋಗ್ರಾಮು ಕೇಳೇ ಬಡದೀನ್ರಿ. ತಿದ್ದೋ ಮೊದಲ ಒಂದು ಪ್ರತಿ ತಗದಿಡಬೇಕಂತ ನೀವ ಕಲಿಸಿದ್ರಲ್ಲ."

ಶಿಷ್ಯೆಯ ಮೇಲೆ ಮಾಸ್ತರಿಗೆ ಅಭಿಮಾನ ಉಕ್ಕಿತು. ಸಮಾಧಾನವಾಗಿ ಉಂಡು, ಅಂಗಿಯ ತೋಳು ಮಡಚಿ, ಮುಸುರೆಯ ಮುಂದೆ ಕೂತರು. ಕವಿತಾ ಆ ಒಂದು ಸಾಲನ್ನು ಹೊಸ ಪ್ರೋಗ್ರಾಮಿಗೆ ಸೇರಿಸತೊಡಗಿದಳು.

"ಐದು ಬ್ಯಾಡವಾ, ಆರು ಅಂತ ಬರಿ," ಎಂದರು ಗಾಳೆಮ್ಮ, ಮಗ ಬೋಗುಣಿ ತಿಕ್ಕುವುದನ್ನು ನೋಡುತ್ತಾ. "ಎಂಟು ದಿನ ಮುಸುರಿ ತಿಕ್ಕಾಂವ ಅದಾನ, ಹಸಿವು ಭಾಳ ಆಗತೈತಿ."